ಚಾವಿ ಇಳಿದ ಮುಲ್ತಾನಿ

ಪಕ್ಕದ ಮನೆಯಾಕೆ ಇವತ್ತು ಮಧ್ಯಾಹ್ನ ಹೊಲಿಗೆಯಂತ್ರಕ್ಕೆ ಎಣ್ಣೆ ಬಿಟ್ಟಳು. ಆ ವಾಸನೆ ಕಿಟಕಿ ದಾಟಿ ಬಂದದ್ದೇ ತಡ, ಓದುತ್ತಿದ್ದ ಪತ್ರಿಕೆ ತೊಡೆಯ ಮೇಲೆಯೇ ಉಳಿಯಿತು, ನಾನು ಮಾತ್ರ ಸ್ಟೇಷನ್ ರಸ್ತೆಯ ಮಲ್ಲೇಶಪ್ಪನ ಚಹಾದಂಗಡಿ ಸೇರಿಬಿಟ್ಟೆ. ಈ ವಯಸ್ಸಿಗೆ ಎಲ್ಲಿಗೆ ಹೋಗಲೂ ಬಸ್ಸು ಬೇಕಾಗುವುದಿಲ್ಲ ನೋಡಿ. ಆ ಅಂಗಡಿ ಈಗಿಲ್ಲ, ಮಲ್ಲೇಶಪ್ಪನೂ ಇಲ್ಲ.

ಅದು ಯುದ್ಧದ ಕಾಲ, ನಲವತ್ತರ ದಶಕದ ಮೊದಲ ವರ್ಷಗಳು. ನಾನು ಆಗ ವಿಜಾಪುರದಲ್ಲಿ ಹಾಡುಗಾರ. ಹಾಗಂತ ನಾನೇ ಹೇಳಿಕೊಳ್ಳಬೇಕಿತ್ತು, ಬೇರೆ ಯಾರೂ ಹೇಳುತ್ತಿರಲಿಲ್ಲ. ನಾಟಕ ಕಂಪನಿಯೊಂದರಲ್ಲಿ ವರ್ಷವೊಪ್ಪತ್ತು ಹಾರ್ಮೋನಿಯಂ ಬಾರಿಸಿ, ಮಾಲೀಕನ ಜೊತೆ ಜಗಳ ಕಾದು ಬಿಟ್ಟು ಬಂದಿದ್ದೆ. ಅಪ್ಪನ ಬಟ್ಟೆ ಅಂಗಡಿಯಲ್ಲೂ ಕೂಡಲಿಲ್ಲ. ಯಾರ ಕೈಕೆಳಗೂ ಇರುವುದಿಲ್ಲ ಎಂಬ ಹಟ ಬೇರೆ. ಸಾರವಾಡ, ನಿಡೋಣಿ, ತಿಕೋಟಾ ಎಂದು ಊರೂರು ತಿರುಗಿ, ಕಲಿಯುವ ಮನಸ್ಸಿಲ್ಲದವರಿಗೆಲ್ಲ ಹಾಡು ಕಲಿಸುತ್ತಿದ್ದೆ. ಸ್ವತಂತ್ರವಾಗಿರುವುದೆಂದರೆ ಕಾಲು ನೋಯಿಸಿಕೊಳ್ಳುವುದು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಕಲಿಸುವವನಿಗೆ ಗುರು ಇರಲಿಲ್ಲ. ಇದ್ದದ್ದು ಇದೇ ಎಣ್ಣೆಯ ವಾಸನೆ ಬೀರುವ ಮಲ್ಲೇಶಪ್ಪನ ಗ್ರಾಮೋಫೋನು. ಅವನದೊಂದು ಪದ್ಧತಿಯಿತ್ತು: ಒಮ್ಮೆ ಚಾವಿ ಕೊಟ್ಟರೆ ಮೂರು ಪ್ಲೇಟು ಮುಗಿಯುವವರೆಗೆ ಮತ್ತೆ ಮುಟ್ಟುತ್ತಿರಲಿಲ್ಲ. ಸ್ಪ್ರಿಂಗು ಸೋತಿದೆ, ಹೆಚ್ಚು ತಿರುವಿದರೆ ಹರಿದೀತು, ಯುದ್ಧದ ಗದ್ದಲದಲ್ಲಿ ಮುಂಬಯಿಯಿಂದ ಹೊಸದು ಬರುವುದಿಲ್ಲ ಎಂಬುದು ಅವನ ಲೆಕ್ಕ. ಗಿರಾಕಿಗಳಿಗೆ ಬೇಕಾದ ನಾಟಕದ ಹಾಡುಗಳು ಮೊದಲೆರಡು. ಮೂರನೆಯದು, ನನ್ನೊಬ್ಬನ ಕಾಟಕ್ಕೆ, ಬುವಾ ಹಾಡಿದ ಮುಲ್ತಾನಿ ರಾಗ. ಬುವಾ ಎಂದರೆ ಆಗಿನ ದೊಡ್ಡ ಗವಾಯಿ. ಅವರ ಹೆಸರು ತೆಗೆಯುವಾಗ ಜನ ಭಕ್ತಿಯಿಂದ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಮೂರೇ ಮಿನಿಟಿನ ಹಾಡು. ಉಳಿದ ಗವಾಯಿಗಳು ಕೊನೆಗೆ ಬಂದಂತೆ ಓಡುತ್ತಾರೆ, ಇವರು ಮಾತ್ರ ಕೊನೆಯ ಸಾಲಿನಲ್ಲಿ ನಿಧಾನವಾಗುತ್ತ, ದಣಿದವರ ಹಾಗೆ ಸ್ವರವನ್ನು ಮೆಲ್ಲನೆ ಕೆಳಗಿಳಿಸಿ ಬಿಡುತ್ತಿದ್ದರು. ಅಲ್ಲಿ ನನ್ನ ಕಣ್ಣು ತುಂಬುತ್ತಿತ್ತು. ಚಹಾ ಆರುತ್ತಿತ್ತು.

ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನಗಬೇಡಿ. ನನಗೆ ಎರಡು ವರ್ಷ ಗೊತ್ತಾಗಲಿಲ್ಲ. ಅಭಿಮಾನ ಹೆಚ್ಚಾದರೆ ಕಿವಿ ಕೇಳುವುದನ್ನು ಬಿಟ್ಟು ಕೈಮುಗಿದು ಕೂತುಬಿಡುತ್ತದೆ. ತಿಕೋಟಾದ ದಾರಿಯುದ್ದಕ್ಕೂ ಆ ಇಳಿಯುವ ಸಾಲನ್ನೇ ಹಾಡಿ ಹಾಡಿ ಗಂಟಲಿಗೆ ಕೂಡಿಸಿಕೊಂಡೆ.

ತಿಕೋಟಾದಲ್ಲಿ ಹಸನಸಾಬ ಕಾಕಾ ಇದ್ದರು. ಹತ್ತಿ ಹಿಂಜುವ ಕಸುಬು, ಸಂಜೆಯಾದರೆ ತಬಲಾ. ನನಗೆ ಸಾಥಿ ಎಂದರೆ ಅವರೊಬ್ಬರೇ. ಮೀಸೆಯ ಮೇಲೆ ಅರಳೆಯ ಎಳೆ ಅಂಟಿಸಿಕೊಂಡೇ ಬಾರಿಸಲು ಕೂಡುತ್ತಿದ್ದರು. ನನ್ನ ಮುಲ್ತಾನಿಯ ಕೊನೆಯ ಸಾಲು ಬಂದಾಗ ಅವರೂ ಕೈ ಹಗುರ ಮಾಡಿ, ನನ್ನ ಜೊತೆಗೆ ನಿಧಾನವಾಗಿ, ನಾನು ನಿಂತಲ್ಲೇ ನಿಲ್ಲುತ್ತಿದ್ದರು. ಒಂದು ದಿನವೂ ಏನೂ ಅನ್ನಲಿಲ್ಲ.

ಬುವಾ ಬಬಲೇಶ್ವರಕ್ಕೆ ಬಂದದ್ದು ಒಬ್ಬ ದೊಡ್ಡ ವ್ಯಾಪಾರಿಯ ಮನೆಯ ಮದುವೆಗೆ. ಆ ಮನೆಯ ಗಾದಿಗಳಿಗೆ ಹತ್ತಿ ಹಿಂಜಿದವರು ಕಾಕಾ. ಆ ಪರಿಚಯದ ಮೇಲೆ ನನ್ನನ್ನು ಕರೆದೊಯ್ದರು. ಅವತ್ತು ಬುವಾ ಒಪ್ಪಿ ಶಿಷ್ಯನನ್ನಾಗಿ ಮಾಡಿಕೊಂಡರೆ ಸರಿ, ಇಲ್ಲವಾದರೆ ಅಪ್ಪನ ಅಂಗಡಿಯಲ್ಲಿ ಗಜಕಡ್ಡಿ ಹಿಡಿಯುವುದು ಎಂದು ನಿಶ್ಚಯಿಸಿಕೊಂಡು ಹೋಗಿದ್ದೆ. ಊಟವಾದ ಮೇಲೆ, ಇಳಿಹೊತ್ತಿನಲ್ಲಿ, ಸರಿಯಾಗಿ ಮುಲ್ತಾನಿ ಹಾಡುವ ವೇಳೆಗೆ, ಅವರದೇ ಹಾಡನ್ನು ಅವರ ಮುಂದೆ ಹಾಡಿದೆ. ಕೊನೆಯ ಸಾಲಿಗೆ ಬಂದು, ನಿಧಾನಿಸಿ, ಇಳಿದು, ಬಿಟ್ಟೆ. ಬುವಾ ಕಣ್ಣು ಮುಚ್ಚಿದ್ದರು. ಆಮೇಲೆ ಈ ಮುಕ್ತಾಯ ಎಲ್ಲಿಯದು ಎಂದು ಕೇಳಿದರು. ನಿಮ್ಮದೇ ಪ್ಲೇಟಿನದು ಎಂದೆ. ಪ್ಲೇಟು ಎಲ್ಲಿ ಕೇಳಿದೆ, ಯಂತ್ರ ಯಾರದು, ಚಾವಿ ಯಾವಾಗ ಕೊಡುತ್ತಾರೆ ಎಂದು ಒಂದೊಂದೇ ಕೇಳಿ ತಿಳಿದುಕೊಂಡರು. ಅಷ್ಟರಲ್ಲಿ ಅವರ ಶಿಷ್ಯರಿಗೆ, ನಿಧಾನವಾದದ್ದು ಬುವಾ ಅಲ್ಲ, ಚಾವಿ ಇಳಿದ ಯಂತ್ರ ಎಂದು ಅರ್ಥವಾಗಿ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬುವಾ ನಗಲಿಲ್ಲ. "ಗಂಟಲಾ ಚಲೋ ಐತಿ ತಮ್ಮಾ," ಎಂದರು. "ನನ್ನ ಕಡೆ ಬಾ. ತಿದ್ದತೀನಿ."

ಮರಳುವಾಗ ಚಕ್ಕಡಿಯಲ್ಲಿ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಕಾಕಾ ತಬಲಾದ ಗಂಟನ್ನು ತೊಡೆಗೆ ಎಳೆದುಕೊಂಡು ಹೇಳಿದರು: "ಮಲ್ಲೇಶಪ್ಪನ ಯಂತ್ರಾ ಸೋತದ್ದು ನನಗ ಮೊದಲ ಗೊತ್ತಿತ್ರಿ ಮಾಸ್ತರ. ಹೇಳಲಿಲ್ಲ. ಅದೊಂದು ಸಾಲು ನಿಮ್ಮದ ಆಗಿತ್ತು. ತಿದ್ದಿಸ್ಕೋಬ್ಯಾಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಎರಡು ವರ್ಷ ನನ್ನನ್ನು ಕುಣಿಸಿದಿರಿ ಎಂದು ಬಾಯಿಗೆ ಬಂದದ್ದು ಅಂದೆ. ತಿಕೋಟಾ ಬಂದಾಗ ಅವರು ತಬಲಾದ ಗಂಟು ಹೊತ್ತು ಇಳಿದು ಹೋದರು. ಕಲಿಯಲೆಂದು ಬುವಾ ಅವರ ಊರಿಗೆ ನಾನು ಹೊರಡುವಾಗಲೂ ಕಾಕಾಗೆ ಹೇಳಿ ಹೋಗಲಿಲ್ಲ. ಮೂರು ವರ್ಷದ ನಂತರ ಬಂದಾಗ ಕಾಕಾ ಮಣ್ಣು ಸೇರಿದ್ದರು. ಈ ಮಾತು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಆ ಮೂರು ವರ್ಷಗಳಲ್ಲಿ ಬುವಾ ನನ್ನನ್ನು ತಿದ್ದಿದರು, ಚೆನ್ನಾಗಿಯೇ ತಿದ್ದಿದರು. ಅವರಂತೆ ಶುರು ಮಾಡಿ, ಅವರಂತೆ ಓಡಿ, ಅವರಂತೆ ಮುಗಿಸುವುದನ್ನು ಕಲಿತೆ. ಆಮೇಲೆ ಮತ್ತೆ ವಿಜಾಪುರ, ಮತ್ತೆ ಊರೂರು ತಿರುಗಾಟ. ಹಾಡಿದಲ್ಲೆಲ್ಲ ಜನ ಥೇಟ್ ಬುವಾ ಎನ್ನುತ್ತಿದ್ದರು. ಮುಂದಿನ ಸಲ ಬುವಾ ಅವರನ್ನೇ ಕರೆಸುತ್ತಿದ್ದರು.

ದಶಕ ಮುಗಿಯುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ನೋಡಲು ಹೋದೆ. ಧ್ವನಿ ಹೋಗಿತ್ತು. ಹತ್ತಿರ ಕರೆದು, "ಬಬಲೇಶ್ವರದಾಗ ಹಾಡಿದ್ಯಲ್ಲಾ ತಮ್ಮಾ, ಹಂಗ ಒಮ್ಮೆ ಹಾಡು," ಎಂದು ಪಿಸುಗುಟ್ಟಿದರು.

ಹಾಡಿದೆ. ಕೊನೆಯ ಸಾಲಿನಲ್ಲಿ ನಿಧಾನ ಮಾಡಿದೆ; ನಿಧಾನವಾಯಿತು, ಅಷ್ಟೇ. ಸ್ವರ ಇಳಿಸಿದೆ, ಇಳಿಯಿತು. ಮತ್ತೊಮ್ಮೆ ಹಾಡಿದೆ, ಮತ್ತೊಮ್ಮೆ. ಗಂಟಲು ಸರಿಯಾದದ್ದನ್ನೇ ಕಲಿತುಬಿಟ್ಟಿತ್ತು. ಬುವಾ ನನ್ನ ಕೈ ಹಿಡಿದು, "ಸಾಕು ಬಿಡಪಾ. ತಪ್ಪು ನಂದು," ಎಂದರು. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ಎಷ್ಟೋ ವರ್ಷಗಳಾದವು. ಈಗ ನಾನೂ ತಿದ್ದುವವನು. ಇವತ್ತು ಸಂಜೆ ನಿಡೋಣಿಯಿಂದ ಕಮಲವ್ವ ಬಂದಿದ್ದಳು. ಸಾಲಿ ಮಕ್ಕಳಿಗೆ ಕಲಿಸುವಾಕೆ, ನಲವತ್ತು ದಾಟಿದ ಮೇಲೆ ಹಾಡು ಕಲಿಯುತ್ತಿದ್ದಾಳೆ. ಮೇಲಿನ ಷಡ್ಜಕ್ಕೆ ಹೋಗುವಾಗ ಅವಳ ಧ್ವನಿ ಒಡೆದು ಎರಡಾಗುತ್ತದೆ. ಅವಳು ಅಲ್ಲಿ ಒಂದು ಕ್ಷಣ ನಿಂತು, ಒಡೆದದ್ದನ್ನೇ ಹಿಡಿದುಕೊಂಡು ಕೆಳಗೆ ಬರುತ್ತಾಳೆ. ಎರಡು ತಿಂಗಳಿಂದ ಅದನ್ನೇ ತಿದ್ದುತ್ತಿದ್ದೇನೆ, ಇನ್ನೇನು ಹಾದಿಗೆ ಬಂದಂತಿತ್ತು. ಇವತ್ತು ನಾನು ತಂಬೂರಿ ಮೀಟುತ್ತಿದ್ದಂತೆ ಮತ್ತೆ ಒಡೆಯಿತು. ಅವಳೇ ನಿಲ್ಲಿಸಿ, "ತಪ್ಪಾತ್ರಿ ಗುರುಗಳ, ತಿದ್ದಿ ಹಾಡ್ತೀನಿ," ಎಂದಳು.

ನನಗೆ ಸರಿಯೇನೆಂದು ನಿಜವಾಗಿಯೂ ತಿಳಿಯಲಿಲ್ಲ. ಆಗ ಬಾಯಿಗೆ ಬಂದದ್ದು ದಣಿವೋ, ಹೆದರಿಕೆಯೋ, ಕಾಕಾಗೆ ಎಂದೋ ಹೇಳಬೇಕಿದ್ದ ಮಾತೋ.

"ಬ್ಯಾಡವಾ," ಎಂದೆ. "ಹಂಗ ಹಾಡು."

ಅವಳು ನನ್ನ ಮುಖ ನೋಡಿದಳು. ಆಮೇಲೆ ತಂಬೂರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಾನೇ ಮೀಟುತ್ತ ಹಾಡಿದಳು.