ಕಾಗದ ಸುತ್ತಿದ ಬಾಟಲಿ

ಔರಾದಿನ ಡಾಕ್ಟರರೊಬ್ಬರ ಖಾಸಗಿ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದೆ. ನಿಜಾಮರ ಕೊನೆಯ ದಿನಗಳಲ್ಲಿ ಸೇರಿದವನು, ಪೊಲೀಸ್ ಆ್ಯಕ್ಷನ್ನಿನಲ್ಲಿ ದಂಡು ಬಂದು ಅವರ ರಾಜ್ಯ ಮುಗಿದ ಮೇಲೂ ಅದೇ ಕಿಟಕಿಯ ಹಿಂದೆ ನಿಂತಿದ್ದೆ. ಆ ಕಿಟಕಿಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಜನ ಮನೆಯಿಂದಲೇ ಬಾಟಲಿ ತರುತ್ತಿದ್ದರು. ನಾವು ಔಷಧ ತುಂಬಿ, ಒಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದೆವು. ಬಾಟಲಿಯ ಕೊರಳಿಗೆ ಹುರಿ ಕಟ್ಟಿ ತೂಗಾಡಿಸುತ್ತ ಹೊರಟರೆ ಪೇಟೆಗೆಲ್ಲ ತಿಳಿಯುತ್ತಿತ್ತು: ಕೆಂಪಿದ್ದರೆ ಕೆಮ್ಮು, ಬಿಳಿ ಇದ್ದರೆ ಹೊಟ್ಟೆ. ಅದಕ್ಕೆ ಯಾರೂ ನಾಚುತ್ತಿರಲಿಲ್ಲ. ನನಗೊಬ್ಬನಿಗೇ ಮೈ ಉರಿಯುತ್ತಿತ್ತು. ಒಬ್ಬರ ಹೊಟ್ಟೆಯ ಸುದ್ದಿ ಕಂಡಕಂಡವರಿಗೆಲ್ಲ ಯಾಕೆ ಬೇಕು?

ಒಂದು ದಿನ ಚಿಂತಾಕಿ ಕಡೆಯ ಹಳ್ಳಿಯ ಸೂಲಗಿತ್ತಿ ಬಂದಳು. ಮುಸಲ್ಮಾನರ ಹೆಂಗಸು; ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಆ ಊರಿನ ಅರ್ಧ ಜನ, ಯಾವ ಜಾತಿಯವರೇ ಇರಲಿ, ಆಕೆಯ ಕೈಯಲ್ಲೇ ಹುಟ್ಟಿದವರು. ಪೊಲೀಸ್ ಆ್ಯಕ್ಷನ್ನಿನ ವಾರ, ಊರೂರಲ್ಲಿ ಕೊಲೆ ನಡೆದಾಗ, ಭಾಲ್ಕಿಗೆ ಹೋದ ಆಕೆಯ ಗಂಡ ತಿರುಗಿ ಬಂದಿರಲಿಲ್ಲ. ಅಂದಿನಿಂದ ಆಕೆಯ ಕೈಗಳು ನಡುಗುತ್ತಿದ್ದವು.

“ಇದು ಊರಾಗ ಗೊತ್ತಾದ್ರ ನನ್ನ ಯಾರ್ ಕರೀತಾರ್ರಿ ಸಾಬ್? ಕೂಸು ಹಿಡಿಯೋ ಕೈ ಇವು. ಯಾರ ಮುಂದೂ ಅನಬ್ಯಾಡ್ರಿ,” ಅಂದಳು.

“ನನ್ನ ಬಾಯಾಗಿಂದ ಹೊರಗ ಬರಂಗಿಲ್ಲ ಖಾಲಾ,” ಅಂದೆ. ಬರಲೂ ಇಲ್ಲ. ಆದರೆ ನನ್ನ ಜಾಣತನ ಸುಮ್ಮನಿರಬೇಕಲ್ಲ! ಬಣ್ಣ ಕಾಣಬಾರದೆಂದು ಆಕೆಯ ಬಾಟಲಿಗೆ ಹಳೆಯ ಪೇಪರ್ ಸುತ್ತಿ, ಮೇಲೆ ದಾರ ಬಿಗಿದು ಕೊಟ್ಟೆ.

ಆ ಸೀಮೆಯಲ್ಲಿ ಅಲ್ಲಿಯವರೆಗೆ ಯಾರೂ ಬಾಟಲಿಗೆ ಅಂಗಿ ತೊಡಿಸಿರಲಿಲ್ಲ. ಮುಚ್ಚಿ ಒಯ್ಯುತ್ತಾಳೆಂದರೆ ಮುಚ್ಚುವಂಥದ್ದೇ ಇರಬೇಕು ಎಂದು ಜನ ತೀರ್ಮಾನಿಸಿಬಿಟ್ಟರು. ಆಕೆ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತು: ಸೂಲಗಿತ್ತಿಗೆ ಕ್ಷಯ.

ಮುಂದಿನ ವಾರ ಆ ಊರಿನ ಹಿರಿಯನೊಬ್ಬ ಕಿಟಕಿಗೆ ಬಂದು ಕೇಳಿದ. ಕ್ಷಯ ಅಲ್ಲ ಅಂದೆ.

“ಮತ್ತೇನ್ರಿ?”

“ಅದನ್ನ ಹೇಳಂಗಿಲ್ಲ.”

“ಅಂದ್ರ ಅದಕ್ಕಿಂತ ದೊಡ್ಡದೇ ಅದ ಬಿಡ್ರಿ,” ಎಂದು ಹೊರಟುಹೋದ. ಅತ್ತ ದರಿ, ಇತ್ತ ಪುಲಿ. ಸುಳ್ಳು ಅಳಿಸಬೇಕಾದರೆ ನಿಜ ಹೇಳಬೇಕು, ನಿಜ ಹೇಳಿದರೆ ಆಕೆಯ ಅನ್ನಕ್ಕೆ ಕಲ್ಲು. ಸಿಟ್ಟಿನಲ್ಲಿ ಅಂದು ಎರಡು ಬಾಟಲಿ ಒಡೆದೆ.

ತಿಂಗಳ ಮೇಲೆ ಆಕೆಯೇ ಬಂದಳು. ನಡುಕ ಬಹಳ ಮಟ್ಟಿಗೆ ಇಳಿದಿತ್ತು, ಮುಖ ಮಾತ್ರ ಸುಟ್ಟಂತಿತ್ತು.

“ಒಂದು ಮನಿಯವ್ರೂ ಕರೀಲಿಲ್ರಿ ಸಾಬ್. ನಮ್ಮ ಓಣಿ ಸೊಸಿ ಒಬ್ಬಾಕಿಗೆ ಬ್ಯಾನಿ ಎದ್ದು ಎರಡು ದಿನ ಒದ್ದಾಡ್ಯಾಳ. ಕೂಸು ಅಡ್ಡ ಇತ್ತು. ನಾ ಹೋಗಿದ್ರ ತಿರುಗಿಸ್ತಿದ್ದೆ. ಬಾಗಲಿಗೆ ಹೋದ್ರ ಒಳಗ ಬಿಡಲಿಲ್ಲ. ಕೂಸು ಹೋಯ್ತು.” ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: “ಖರೇನೇ ಹೇಳಿಬಿಡ್ರಿ. ನಡುಗೋ ಕೈಯಾಕಿ ಅನ್ಲಿ, ಅಡ್ಡಿಲ್ಲ.”

ಅಂದೇ ಬಂಡಿ ಹತ್ತಿ ಆಕೆಯ ಜೊತೆ ಹೋದೆ, ನೇರ ಕೂಸು ಕಳೆದುಕೊಂಡ ಆ ಮನೆಗೇ. ಹೊರಕಟ್ಟೆಯ ಮೇಲೆ ಆ ಸೊಸೆಯ ಅತ್ತೆ ಕೂತಿದ್ದಳು. ಕ್ಷಯವೂ ಅಲ್ಲ, ಮಣ್ಣೂ ಅಲ್ಲ, ಪೊಲೀಸ್ ಆ್ಯಕ್ಷನ್ನಿನ ಆ ವಾರದ ಅಂಜಿಕೆಗೆ ಆಕೆಯ ಕೈಗಳು ನಡುಗುತ್ತಿದ್ದವು, ಈಗ ಕಮ್ಮಿಯಾಗಿದೆ ಎಂದು ಗಟ್ಟಿಯಾಗಿಯೇ ಹೇಳಿದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ.

ಮುದುಕಿ ಜಗಳಾಡಲಿಲ್ಲ. ಸೂಲಗಿತ್ತಿಯ ಕೈಗಳತ್ತ ನೋಡಿದಳು.

“ಇಷ್ಟೇ ಏನ್ರಿ?” ಅಂದಳು. “ಆ ವಾರದಿಂದ ನನ್ನ ಕೈನೂ ನಡುಗ್ತಾವ್ರಿ. ರೊಟ್ಟಿ ಬಡೀಲಾಕ ಬರ್ತಿಲ್ಲ. ಯಾರ ಮುಂದೂ ಅಂದಿಲ್ಲ.”

ಒಳಗಿನ ಕೋಣೆಯಲ್ಲಿ ಕೂಸಿಲ್ಲದ ಬಾಣಂತಿ ಎಲ್ಲವನ್ನೂ ಕೇಳುತ್ತ ಮಲಗಿದ್ದಳು.