ಎಳೆಯುವವರ ಅಳತೆ

ಯುದ್ಧದ ಕಾಲ ಅದು. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು, ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು. ಆದರೆ ಮಾಗಿ ಬಂತೆಂದರೆ ನಮ್ಮ ಸೋಮನಹಳ್ಳಿಯಲ್ಲಿ ಯಾರಿಗೂ ಯುದ್ಧದ ನೆನಪಿರುತ್ತಿರಲಿಲ್ಲ. ಆಲೆಮನೆ ಶುರುವಾಗುತ್ತಿತ್ತು. ಊರಿಗೆ ಊರೇ ಬೆಲ್ಲದ ಪಾಕದ ವಾಸನೆ. ಕಬ್ಬಿನ ಸಿಪ್ಪೆಯ ಹೊಗೆ ಹುಡುಗಿಯರ ಜಡೆಗೆ ಹತ್ತಿದರೆ ಎರೆದುಕೊಂಡರೂ ಹೋಗುತ್ತಿರಲಿಲ್ಲ. ಬಿಸಿಬೆಲ್ಲ ತಿಂದು ನಾಲಿಗೆ ಸುಟ್ಟುಕೊಂಡವರಿಗೆ ಇದನ್ನೆಲ್ಲ ಹೆಚ್ಚು ಹೇಳಬೇಕಾಗಿಲ್ಲ.

ನನಗಾಗ ಹತ್ತು ವರ್ಷ, ತಂಗಿ ಚೆಲುವಿಗೆ ಆರು. ಎರಡನೇ ವರ್ಷದಲ್ಲಿ ಜ್ವರ ಬಂದು ಅವಳ ಎರಡೂ ಕಾಲು ಸೋತಿದ್ದವು. ಅಜ್ಜಿ ಅವಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಊರು ಸುತ್ತಿಸುತ್ತಿದ್ದಳು. ಆ ಮಾಗಿಯಲ್ಲಿ ಅಜ್ಜಿಯ ಸೊಂಟ ಹಿಡಿದುಕೊಂಡಿತು. ಅವ್ವ ಗದ್ದೆಗೆ, ಅಪ್ಪ ಆಲೆಮನೆಗೆ, ಚೆಲುವಿ ಜಗುಲಿಗೆ. ಎರಡು ಅಂಗೈಗೂ ತೆಂಗಿನ ಚಿಪ್ಪು ಹಿಡಿದು ನೆಲಕ್ಕೂರಿ, ಕುಂಡಿ ಎಳೆದುಕೊಂಡು ಅಂಗಳದ ಅಂಚಿನವರೆಗೆ ಬರುತ್ತಿದ್ದಳು. ಅದರಾಚೆ ಬರೀ ಕಲ್ಲು. ನಾನು ಮುತ್ತುಗದ ಎಲೆಯಲ್ಲಿ ಬಿಸಿಬೆಲ್ಲ ತಂದುಕೊಟ್ಟರೆ ಮುಖ ತಿರುಗಿಸುತ್ತಿದ್ದಳು.

"ಬೆಲ್ಲ ಯಾರಿಗ್ ಬೇಕು? ಕೊಪ್ಪರಿಗೇಲಿ ಪಾಕ ಎಂಗೆ ಉಕ್ತದೆ ಅಂತ ನೋಡ್ಬೇಕು ನಾನು."

"ನಾನ್ ಯೋಳ್ತೀನಿ, ಕೇಳೇ."

"ನೀನ್ ನೋಡುದ್ರೆ ನಂಗೇನ್ ಬಂತು? ಓಗೇ ಅತ್ಲಾಗೆ!"

ಇದು ಅಪ್ಪನ ಕಿವಿಗೆ ಬಿತ್ತೋ ಏನೋ, ಒಂದು ದಿನ ನಮ್ಮಿಬ್ಬರನ್ನೂ ಮದ್ದೂರಿನ ಹುಸೇನ್ ಸಾಬರ ಹತ್ತಿರ ಕರೆದುಕೊಂಡು ಹೋದ. ಸಾಬರು ಎತ್ತಿನ ಗಾಡಿ, ಜಟಕಾ ಮಾಡುವವರು. ಕೆಂಪಗೆ ಕಾದ ಕಬ್ಬಿಣದ ಪಟ್ಟಿಯನ್ನು ಗಾಲಿಗೆ ತೊಡಿಸಿ ನೀರು ಸುರಿದರೆ ಚುಂಯ್ ಎಂದು ಅದು ಹಿಡಿದುಕೊಳ್ಳುತ್ತಿತ್ತು. ಮೊಳೆಯೇ ಇಲ್ಲದೆ ಅದು ಹೇಗೆ ನಿಲ್ಲುತ್ತದೆ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅಷ್ಟರಲ್ಲಿ ಸಾಬರು ದಾರ ತಂದು ನನ್ನ ಎದೆಯಿಂದ ನೆಲದವರೆಗೆ ಅಳೆದು ಗಂಟು ಹಾಕಿದರು.

"ಗಾಡಿ ಅವಳ್ಗಲ್ವಾ?" ಎಂದೆ.

"ಎತ್ತಿನ ಅಳತೆ ತಗೊಂಡು ಗಾಡಿ ಮಾಡೋದು ಕಣವ್ವ. ಕೂರೋ ಗೌಡ್ರ ಅಳತೆ ಯಾರ್ ತಗೊಂಡಾರು?"

ಎಲ್ಲರೂ ನಕ್ಕರು. ಚೆಲುವಿ ನಗಲಿಲ್ಲ.

ಎಂಟು ದಿನಕ್ಕೆ ಗಾಡಿ ಬಂತು. ಎರಡು ಗಾಲಿ, ಪುಟ್ಟ ನೊಗ, ನೊಗಕ್ಕೊಂದು ಗೆಜ್ಜೆ ಬೇರೆ! ನೊಗ ನನ್ನ ಎದೆಗೆ ಹೇಳಿ ಮಾಡಿಸಿದಂತಿತ್ತು. ಅವಳನ್ನು ಆಲೆಮನೆಗೆ ಎಳೆದುಕೊಂಡು ಹೋದೆ. ಪಾಕ ಉಕ್ಕುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ನನಗೋ ಜಂಬ. ಊರಿನ ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರು ಕುಂಟೆಬಿಲ್ಲೆಗೆ ಕರೆದರು. ನೊಗವನ್ನು ಒಂದು ಕಲ್ಲಿಗೆ ಆನಿಸಿ, "ಈಗ್ಲೇ ಬತ್ತೀನಿ" ಎಂದು ಓಡಿದವಳು ಅವಳನ್ನು ಪೂರ್ತಿ ಮರೆತೆ. ನೆನಪಾಗುವಾಗ ಹೊತ್ತು ಇಳಿದಿತ್ತು. ಕಬ್ಬಿನ ರಾಶಿಯ ಮರೆಯಲ್ಲಿ ಹಾಗೇ ಕೂತಿದ್ದಳು. ಲಂಗ ಒದ್ದೆಯಾಗಿತ್ತು. ಅತ್ತಿರಲಿಲ್ಲ.

"ನೀನ್ ನಿಂತ್ರೆ ನಾನೂ ನಿಂತ್ಕಬೇಕು ಅಲ್ವಾಕ್ಕ, ಇದ್ರಾಗೆ?" ಎಂದಳಷ್ಟೆ.

ನನಗೆ ಅವಮಾನವಾಯಿತು. ಬೈದಿದ್ದರೆ ನಾನೂ ಬೈದು ಮುಗಿಸಿಬಿಡುತ್ತಿದ್ದೆ. ಮನೆಗೆ ಬಂದು ಅಪ್ಪನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವನು ಹೊಡೆಯಲಿಲ್ಲ. ಮಾರನೆಯ ದಿನ ಎತ್ತು ಕಟ್ಟಿ ಮತ್ತೆ ನಮ್ಮಿಬ್ಬರನ್ನೂ ಸಾಬರ ಅಂಗಡಿಗೆ ಕರೆದುಕೊಂಡು ಹೋದ.

ಚೆಲುವಿ ನೇರವಾಗಿ ಕೇಳಿದಳು: "ಸಾಬ್ರೇ, ಇದು ಅಕ್ಕನ ಗಾಡಿ. ನನ್ ಗಾಡಿ ಎಲ್ಲಿ?"

ಸಾಬರು ಗಡ್ಡ ಕೆರೆದುಕೊಳ್ಳುತ್ತಾ ಅವಳ ಕೈಲಿದ್ದ ತೆಂಗಿನ ಚಿಪ್ಪನ್ನೇ ನೋಡಿದರು. ಆಮೇಲೆ ಅಪ್ಪನಿಗೆ ಹೇಳಿದರು: "ಎತ್ತು ಯಾವ್ದು ಅಂತಲೇ ತಪ್ಪು ತಿಳ್ಕೊಂಬುಟ್ಟೆ ಕಣಪ್ಪ."

ಚಿಪ್ಪುಗಳನ್ನು ಅವಳಿಂದ ಇಸಕೊಂಡು, ತಮ್ಮ ಕಾಲೆರಡನ್ನೂ ಟವೆಲ್ಲಿನಿಂದ ಬಿಗಿದು, ಅಷ್ಟು ದೊಡ್ಡ ಮನುಷ್ಯ ಅಂಗಡಿಯ ತುಂಬ ಕೂತುಕೊಂಡೇ ತೆವಳಿದರು! ಗಾಲಿ ರಿಪೇರಿಗೆ ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಗಿ, ನಗಿ. ನಿಮ್ ಭುಜ ನೋಯ್ತದಾ? ನಂಗೆ ನೋಯ್ತಾ ಅದೆ" ಎಂದರು. ಎದ್ದು ದಾರ ತಂದು, ಚೆಲುವಿಯ ಭುಜದಿಂದ ಅಂಗೈಯವರೆಗೆ ಅಳೆದು ಗಂಟು ಹಾಕಿದರು. ಅವಳು ತೋಳನ್ನು ಎಷ್ಟು ನೆಟ್ಟಗೆ ಚಾಚಿದ್ದಳೆಂದರೆ ಬೆರಳ ತುದಿ ನಡುಗುತ್ತಿತ್ತು.

ಹೊಸದು ನೆಲದಿಂದ ಒಂದು ಗೇಣು ಎತ್ತರದ ಹಲಗೆ. ಹಿಂದೆ ಎರಡು ಗಾಲಿ, ಮುಂದೆ ತಿರುಗುವ ಒಂದು ಪುಟ್ಟ ಗಾಲಿ. ಊರಿ ತಳ್ಳಲು ಹಿಡಿಯಿದ್ದ ಎರಡು ಮರದ ತುಂಡು, ಅವುಗಳ ಅಡಿಗೆ ಹಳೇ ಟೈರಿನ ಚೂರು. ಮೊದಲ ದಿನವೇ ಮುಂದಿನ ಗಾಲಿ ನಮ್ಮೂರ ಮಣ್ಣಿನಲ್ಲಿ ಹೂತುಕೊಂಡಿತು. ಸಾಬರೇ ಊರಿಗೆ ಬಂದು ಮಣ್ಣನ್ನು ಮುಟ್ಟಿ ನೋಡಿ ಗಾಲಿಯನ್ನು ಅಗಲ ಮಾಡಿಕೊಟ್ಟರು.

ಅದಾಗಿ ನಾಲ್ಕನೇ ದಿನ ಚೆಲುವಿ ಮನೆಯಲ್ಲಿಲ್ಲ. ಆಲೆಮನೆಯಲ್ಲೂ ಇಲ್ಲ. ಅವ್ವ ಎದೆ ಬಡಿದುಕೊಂಡಳು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ನಾಲೆಯ ಸೇತುವೆಯ ಮೇಲೆ, ನೀರು ನೋಡುತ್ತಾ ಕೂತಿದ್ದಳು.

"ಇಲ್ಲಿಗ್ಯಾಕೇ ಬಂದೆ, ಮೂದೇವಿ?" ಎಂದು ಅವ್ವ ಕೂಗಿದಳು.

"ಸುಮ್ನೆ" ಎಂದಳು ಚೆಲುವಿ.

ಅವ್ವ ಅಲ್ಲೇ ಕುಕ್ಕರಿಸಿ ನಕ್ಕಳು, ನಗುತ್ತಲೇ ಅತ್ತಳು. ಆರು ವರ್ಷದಲ್ಲಿ ಆ ಮಗು ಸುಮ್ಮನೆ ಎಲ್ಲಿಗಾದರೂ ಹೋದದ್ದು ಅದೇ ಮೊದಲು.

ಮುಂದೆ ಪ್ರತಿ ಮಾಗಿಗೂ ಸಾಬರು ಅದೇ ದಾರ ಹಿಡಿದು ಬರುತ್ತಿದ್ದರು. ಅವಳ ತೋಳು ಬೆಳೆದಷ್ಟು ಮುಂದಕ್ಕೆ ಇನ್ನೊಂದು ಗಂಟು, ಗಾಡಿಗೆ ಇನ್ನೊಂದು ಹಲಗೆ. ಈಗ ಸಾಬರಿಲ್ಲ, ಅವರ ಅಂಗಡಿಯ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ಆಲೆಮನೆಯ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಚೆಲುವಿಯೂ ಹೋದಳು.

ಹೋದ ತಿಂಗಳು ನನ್ನ ಮಂಡಿಗಳು ಕೈಕೊಟ್ಟವು. ಮೊಮ್ಮಗ ಹೊಳೆಯುವ ಗಾಲಿಕುರ್ಚಿ ತಂದ. ಅದರ ಗಾಲಿಗಳು ಚಿಕ್ಕವು, ನನ್ನ ಕೈಗೆ ಎಟಕುವುದಿಲ್ಲ. ಬೆನ್ನ ಹಿಂದೆ ಮೆತ್ತನೆಯ ಎರಡು ಹಿಡಿ, ಅವನ ಎತ್ತರಕ್ಕೆ ಸರಿಯಾಗಿ. "ತಳ್ಳೋಕೆ ಎಷ್ಟು ಸಲೀಸು ನೋಡಜ್ಜಿ! ಎಲ್ಲಿಗೆ ಓಗ್ಬೇಕು ಯೋಳು" ಎಂದ. ಒಳ್ಳೆಯ ಹುಡುಗ, ಅವನನ್ನು ಬೈಯಲಾರೆ. ಸುಮ್ಮನೆ ನಾಲೆಯ ಕಡೆ ಹೋಗಬೇಕು ಅನ್ನಿಸಿತ್ತು. ಆದರೆ ಬೆನ್ನ ಹಿಂದೆ ಒಬ್ಬನನ್ನು ನಿಲ್ಲಿಸಿಕೊಂಡು ಸುಮ್ಮನೆ ಎಲ್ಲಿಗೆ ಹೋಗುವುದು?