ಯಾವ ಗುಂಪಿಗೂ ಸೇರದ ತಳಿ

ಸುಗುಣಾಳ ಅಪ್ಪ ಉಡುಪಿ ಕಡೆಯಿಂದ ಬಂದು, ಟಿ. ನಗರದ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತು ಮಗಳನ್ನು ಬಿ.ಎಸ್ಸಿ. ಓದಿಸಿದರು. ಈಗ ಹದಿನಾಲ್ಕು ವರ್ಷಗಳಿಂದ ಅವಳು ಮಾಧವರಂನ ಬೀಜದ ಕಂಪನಿಯೊಂದರ ಲ್ಯಾಬಿನಲ್ಲಿದ್ದಾಳೆ. ಹೊಲದಿಂದ ಐಸ್ ಪೆಟ್ಟಿಗೆಯಲ್ಲಿ ಬರುವ ಮೆಕ್ಕೆಜೋಳದ ಎಲೆಚೂರುಗಳನ್ನು ಅರೆದು, ಡಿಎನ್ಎ ತೆಗೆದು, ಪ್ರತಿ ತಳಿಯ ಗುರುತುಗಳನ್ನು ಓದುವುದು ಅವಳ ಕೆಲಸ. ಗುರುತುಗಳು ಹೋಲಿದರೆ ತಳಿಗಳು ಹತ್ತಿರದ ನೆಂಟರು, ಒಂದೇ ಗುಂಪು; ಹೋಲದಿದ್ದರೆ ದೂರದವು. ದೂರದ ಎರಡನ್ನು ಕೂಡಿಸಿದರೆ ಹೈಬ್ರಿಡ್ ಹುಲುಸಾಗಿ ಬರುವ ಸಾಧ್ಯತೆ ಹೆಚ್ಚು.

ಆ ವರ್ಷ ಅರವತ್ತು ತಳಿಗಳಲ್ಲಿ ಒಂದು ಮಾತ್ರ ಯಾವ ಗುಂಪಿಗೂ ಸೇರಲಿಲ್ಲ. ಗಿಡ ಕುಳ್ಳು, ತೆನೆ ಸಣ್ಣದು. ಅದನ್ನು ಕೈಬಿಡಬೇಕೆಂದು ತಳಿ ವಿಜ್ಞಾನಿ ವಿಷ್ಣುತೀರ್ಥ ಆಗಲೇ ಬರೆದಾಗಿತ್ತು. ಸುಗುಣಾ ತಂದ ಗುರುತುಗಳ ನಕ್ಷೆಯನ್ನು ನೋಡಿ ಅವರು, ಸ್ಯಾಂಪಲ್ ಅದಲುಬದಲಾಗಿರಬೇಕು ಎಂದುಬಿಟ್ಟರು.

ಅವಳಿಗೆ ಚುರುಕ್ಕೆಂದಿತು. ಇಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಟ್ಯೂಬೂ ಅದಲುಬದಲಾಗಿರಲಿಲ್ಲ. ವಾದಕ್ಕಿಳಿಯದೆ, ಅದೇ ತಳಿಯ ಐದು ಗಿಡಗಳ ಹೊಸ ಎಲೆ ತರಿಸಿಕೊಂಡಳು. ಮೂರು ದಿನ ಎಲ್ಲವನ್ನೂ ತಾನೇ ಮಾಡಿದಳು. ಐದರಲ್ಲೂ ಅದೇ ಗುರುತುಗಳು.

“ಇದು ತಪ್ಪಲ್ಲ ಸರ್,” ಎಂದಳು. “ನೋಡ್ಲಿಕ್ಕೆ ಚಂದ ಇಲ್ಲ ಅಂತ ಬಿಸಾಡುದು ಬೇಡ. ಒಂದು ಸಲ ಕೂಡಿಸಿ ನೋಡುವ.”

ವಿಷ್ಣುತೀರ್ಥ ಹಳೆಯ, ಹೊಸ ಎರಡು ನಕ್ಷೆಗಳನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. “ಸರಿಮ್ಮಾ. ಬೇರೆ ಮೂರು ತಳಿ ಜೊತೆ ಕ್ರಾಸ್ ಮಾಡಿಸ್ತೀನಿ, ಅಷ್ಟೇ.”

ಮರುವರ್ಷ, ಹಾಗೆ ಬಂದ ಮೂರು ಹೈಬ್ರಿಡ್‌ಗಳನ್ನೂ ಬಿತ್ತಿದರು. ಒಂದು ಗಾಳಿಗೆ ಮಲಗಿಬಿಟ್ಟಿತು. ಇನ್ನೊಂದು ಈಗಿರುವ ಹೈಬ್ರಿಡ್‌ಗಿಂತ ಏನೂ ಮೇಲಿರಲಿಲ್ಲ. ಫೋನಿನಲ್ಲಿ ವಿಷ್ಣುತೀರ್ಥ ಈ ಎರಡರ ಸುದ್ದಿಯನ್ನಷ್ಟೇ ಹೇಳಿದರು. ಮೂರನೆಯದನ್ನು ತೋರಿಸಲು ಕಟಾವಿನ ವಾರ ಅವಳನ್ನೇ ಜೀಪಿನಲ್ಲಿ ಕರೆದುಕೊಂಡು ಹೋದರು.

ಹದಿನಾಲ್ಕು ವರ್ಷ ಎಲೆಚೂರುಗಳನ್ನಷ್ಟೇ ಕಂಡಿದ್ದವಳು ಅಂದು ಮೊದಲ ಸಲ ಹೊಲದೊಳಗೆ ಕಾಲಿಟ್ಟಳು. ಗಿಡಗಳು ಅವಳ ತಲೆಗಿಂತ ಎತ್ತರಕ್ಕೆ ನಿಂತಿದ್ದವು. ವಿಷ್ಣುತೀರ್ಥ ಒಂದು ತೆನೆ ಮುರಿದು, ಸಿಪ್ಪೆ ಸುಲಿದು ಅವಳ ಕೈಗಿತ್ತರು. ತುದಿಯವರೆಗೂ ಕಾಳು ಒತ್ತೊತ್ತಾಗಿ ತುಂಬಿತ್ತು.

“ಇದನ್ನ ನಾನು ಎಸೆದುಬಿಡ್ತಿದ್ದೆ,” ಎಂದರು.

ಇನ್ನೂ ಎರಡು ಮೂರು ವರ್ಷ ಬೇರೆ ಬೇರೆ ಊರುಗಳ ಮಣ್ಣಿನಲ್ಲಿ ಅದನ್ನು ಬೆಳೆದು ನೋಡಬೇಕು. ಆದರೆ ಮುಂದಿನ ಕ್ರಾಸ್‌ಗಳ ಪಟ್ಟಿ ಬರೆಯುವ ಮುನ್ನ ವಿಷ್ಣುತೀರ್ಥ ಲ್ಯಾಬಿಗೆ ಬಂದು, ಸುಗುಣಾಳ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಯಾವುದಕ್ಕೆ ಯಾವುದು ದೂರ ಎಂದು ಕೇಳತೊಡಗಿದರು.